ಗೌರತ್ತೆ ಬರೆಯದ ಗ್ರಹಣ

ಕಾದ ಮರಳಿಗೆ ಒಂದು ವಾಸನೆ ಇದೆ. ಬಿಸಿಲಿಗೆ ಕಾದ ಮರಳಿನ ಮಾತಲ್ಲ, ಬೆಂಕಿಯ ಮೇಲೆ ಬಾಣಲೆಯಲ್ಲಿ ಕಾದು ಕೆಂಪಗಾದ ಮರಳಿನದು. ಮೂಗಿಗೆ ಬಡಿದ ಕೂಡಲೇ ಗಂಟಲು ಒಣಗುತ್ತದೆ, ಬಾಯಲ್ಲಿ ಮಾತ್ರ ನೀರೂರುತ್ತದೆ. ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಔಷಧದ ಅಂಗಡಿ ಇದೆ. ಅದರೆದುರಿಗೆ ಸಂಜೆ ಹೊತ್ತು ಒಬ್ಬಾತ ತಳ್ಳುಗಾಡಿ ನಿಲ್ಲಿಸಿ ಮರಳಿನಲ್ಲಿ ಶೇಂಗಾ ಹುರಿಯುತ್ತಾನೆ. ಕೆಮ್ಮಿನ ಸಿರಪ್ಪು, ಮುಲಾಮು, ಫಿನಾಯಿಲ್ ಎಲ್ಲದರ ವಾಸನೆಯನ್ನೂ ಬದಿಗೆ ಸರಿಸಿ ಆ ಮರಳು ಒಳಗೆ ಬರುತ್ತದೆ. ಬಂದ ಮೇಲೆ ನಾನು ಗಿರಾಕಿ ಕೇಳಿದ್ದು ಬಿಟ್ಟು ಬೇರೇನನ್ನೋ ಕೊಡುತ್ತೇನೆ. ಹೊರಗೆ ಹೋಗಿ ಶೇಂಗಾ ತೆಗೆದುಕೊಳ್ಳುವುದಿಲ್ಲ. ಕೊಟ್ಟೂರಿನ ನಮ್ಮ ಮಂಡಕ್ಕಿ ಭಟ್ಟಿ ಮನೆ ನೆನಪಾಗುತ್ತದೆ, ಗೌರತ್ತೆ ನೆನಪಾಗುತ್ತಾಳೆ, ಆಕೆಯ ಹಿಂದೆಯೇ ದೊಡ್ಡಪ್ಪ ನೆನಪಾಗುತ್ತಾನೆ, ಮತ್ತೆ ಆ ಸಂಜೆ ನನಗೆ ಊಟ ಸೇರುವುದಿಲ್ಲ. ದೊಡ್ಡಪ್ಪನೆಂಬ ಹಿರಿಯನಿಗೆ ಬಹುವಚನ ಕೊಡಬೇಕೆಂದು ನನಗೂ ಗೊತ್ತು. ಎದುರಿಗೆ ಸಿಕ್ಕಾಗ ಕೊಡುತ್ತೇನೆ. ಇಲ್ಲಿ ಬರೆಯುವಾಗ ಕೊಡಲು ಮನಸ್ಸಿಲ್ಲ.

ನಮ್ಮ ಮನೆಯ ಮುಂಭಾಗವೇ ಭಟ್ಟಿ, ಹಿಂಭಾಗ ಸಂಸಾರ. ನಸುಕಿಗೇ ಹೊಟ್ಟಿನ ಬೆಂಕಿ ಹಚ್ಚುತ್ತಿದ್ದರು. ಉಪ್ಪು ಹಾಕಿ ಆರಿಸಿದ ಅಕ್ಕಿಯನ್ನು ದೊಡ್ಡಪ್ಪ ಕಾದ ಮರಳಿಗೆ ಸುರಿದರೆ ಚಟಪಟ ಸದ್ದಿಗೆ ನಾನು ಎಚ್ಚರಾಗುತ್ತಿದ್ದೆ. ಅಪ್ಪ ಜರಡಿ ಹಿಡಿದು ನಿಂತಿರುತ್ತಿದ್ದ. ಮರಳು ಕೆಳಗೆ ಬೀಳುತ್ತಿತ್ತು, ಮಂಡಕ್ಕಿ ಮೇಲೆ ಉಳಿಯುತ್ತಿತ್ತು, ಅಜ್ಜಿ ಬಿದಿರಿನ ಬುಟ್ಟಿಗೆ ತುಂಬುತ್ತಿದ್ದಳು. ಮನೆಯಲ್ಲಿ ಏನು ಮುಟ್ಟಿದರೂ ಸಣ್ಣ ಮರಳು. ಹಾಸಿಗೆಯಲ್ಲಿ ಮರಳು, ಅನ್ನದಲ್ಲಿ ಮರಳು, ನನ್ನ ಜಡೆಯಲ್ಲೂ ಮರಳು. ಬೀದಿ ಕಡೆಯ ಗೋಡೆ ಹೊಗೆ ಹಿಡಿದು ಹಿಡಿದು ಕಪ್ಪಗೆ ಹೊಳೆಯುತ್ತಿತ್ತು. ಆ ಗೋಡೆ ಗೌರತ್ತೆಯದು.

ಗೌರತ್ತೆ ಅಪ್ಪನ ತಂಗಿ. ಹೊಳೆ ದಂಡೆಯ ಹಲವಾಗಲಿಗೆ ಕೊಟ್ಟಿದ್ದರು. ಮದುವೆಯಾದ ಮರುವರ್ಷವೇ ಗಂಡ ಹೊಳೆಗೆ ಇಳಿದವನು ಮೇಲೆ ಬರಲಿಲ್ಲ. ಅತ್ತೆ ತವರಿಗೆ ಬಂದಳು, ಬಂದವಳು ಭಟ್ಟಿಯ ಪೊಟ್ಟಣ ಕಟ್ಟುವ ಕೆಲಸ ಹಿಡಿದಳು. ಪೊಟ್ಟಣಕ್ಕೆ ಬೇಕಾದ ಹಳೇ ಪೇಪರು ಕುಡಿತಿನಿಯಿಂದಲೋ ಹೊಸಪೇಟೆಯಿಂದಲೋ ಕಟ್ಟುಗಟ್ಟಲೆ ಬರುತ್ತಿತ್ತು. ಉಳಿದವರಿಗೆ ಅದು ರದ್ದಿ. ಅತ್ತೆಗೆ ಅದು ಶಾಲೆ. ಪೊಟ್ಟಣ ಮಾಡುವ ಮುಂಚೆ ಪ್ರತಿ ಹಾಳೆಯನ್ನೂ ತಿರುವಿ ಹಾಕಿ, ಮೂಲೆಯಲ್ಲಿ ಚೌಕದೊಳಗೆ ಅಚ್ಚು ಹಾಕಿರುತ್ತಾರಲ್ಲ, ‘ನಿಮಗಿದು ತಿಳಿದಿದೆಯೇ’ ಎಂಬಂಥದ್ದು, ಅದನ್ನು ಕತ್ತರಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ಬೆಳಿಗ್ಗೆ ಒಂದನ್ನು ಆರಿಸಿ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆಯುತ್ತಿದ್ದಳು. ಅಕ್ಷರ ಗುಂಡುಗುಂಡು. ಆಕ್ಟೋಪಸ್ ಎಂಬ ಸಮುದ್ರದ ಪ್ರಾಣಿಗೆ ಮೂರು ಹೃದಯ. ಹಾವಿಗೆ ಹೊರಗಿವಿ ಇಲ್ಲ. ಜಿರಾಫೆಯ ಕುತ್ತಿಗೆಯಲ್ಲೂ ನಮ್ಮ ಕುತ್ತಿಗೆಯಲ್ಲೂ ಏಳೇ ಮೂಳೆ. ಶುಕ್ರ ಗ್ರಹದ ಒಂದು ದಿನ ಅಲ್ಲಿನ ಒಂದು ವರ್ಷಕ್ಕಿಂತ ದೊಡ್ಡದು. ಆ ಕೊನೆಯದನ್ನು ಓದಿ ಅಜ್ಜಿ, “ಅಂಥಾ ಊರಾಗ ಕೂಲಿ ಮಾಡೋರ ಗತಿ ಏನವ್ವಾ” ಎಂದು ನಿಜಕ್ಕೂ ಮರುಗಿದಳು.

ಇದಕ್ಕೆ ಅತ್ತೆ ಒಂದು ಪದ್ಧತಿ ಮಾಡಿದ್ದಳು. ನಿನ್ನೆಯ ಸಂಗತಿಯನ್ನು ಇವತ್ತು ತಪ್ಪಿಲ್ಲದೆ ಹೇಳಿದವರಿಗೆ ಒಂದು ಹಿಡಿ ಮಂಡಕ್ಕಿ ಕೊಸರು. ಅಕ್ಷರ ಬಾರದವರು ಬಂದವರ ಹತ್ತಿರ ಓದಿಸಿಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಹಮಾಲರು, ಹೂ ಮಾರುವವರು, ಕಾಲೇಜಿಗೆ ಹೋಗುವ ಹುಡುಗಿಯರು, ಎಲ್ಲರೂ ನಮ್ಮ ಕಟ್ಟೆಯ ಮುಂದೆ ನಿಂತು ಆಕ್ಟೋಪಸ್ಸಿನ ಹೃದಯ ಲೆಕ್ಕ ಮಾಡಿದವರೇ. ಒಂದು ದಿನ ಅತ್ತೆ, ಮೆಣಸಿನಕಾಯಿ ನಮ್ಮ ದೇಶದ್ದಲ್ಲ, ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದದ್ದು ಎಂದು ಬರೆದಳು. ಮೂಲೆಯ ಮಿರ್ಚಿ ಅಂಗಡಿಯ ರುದ್ರಪ್ಪ ಎಣ್ಣೆಯಿಂದ ಮಿರ್ಚಿ ಎತ್ತುವ ಜಾರಣಿಗೆ ಕೈಯಲ್ಲಿ ಹಿಡಿದೇ ಬಂದುಬಿಟ್ಟ. “ಏನವ್ವಾ ಗೌರಮ್ಮ, ನಮ್ಮ ಮುತ್ತ್ಯಾನ ಕಾಲದಿಂದ ಮಿರ್ಚಿ ಮಾಡಾಕತ್ತೀವಿ. ಈಗ ಬಂದು ಪರದೇಶದ್ದು ಅಂದ್ರ ಹೆಂಗ?” ಅತ್ತೆ ನಕ್ಕು, “ಬಂದಿದ್ದು ಪರದೇಶದಿಂದ, ಉಳಿದಿದ್ದು ನಿಮ್ಮ ಎಣ್ಣ್ಯಾಗ, ಸಿಟ್ಟಾಗಬ್ಯಾಡ್ರಿ” ಎಂದಳು. ಆತ ಮರುದಿನ ಬಂದು ಅದನ್ನೇ ಒಪ್ಪಿಸಿ ಕೊಸರು ತೆಗೆದುಕೊಂಡು ಹೋದ.

ಜನ ‘ಗೌರಮ್ಮನ ಭಟ್ಟಿ’ ಎನ್ನತೊಡಗಿದರು. ಭಟ್ಟಿ ಕಟ್ಟಿಸಿದವನು ಅಜ್ಜ, ನಡೆಸುತ್ತಿದ್ದವನು ದೊಡ್ಡಪ್ಪ. ಊರಿನ ಬಾಯಲ್ಲಿ ಮಾತ್ರ ಹೆಸರು ತಂಗಿಯದು. ಆತನ ಹೊಟ್ಟೆಯಲ್ಲಿ ಹೊಟ್ಟಿನ ಬೆಂಕಿ ಬಿದ್ದದ್ದು ಆಗಲೇ ಇರಬೇಕು. “ಗಾಳಿ ಮಾತಿಗೆ ಮುಟಗಿ ಮುಟಗಿ ಮಂಡಕ್ಕಿ ಕೊಡ್ತಾಳ” ಎಂದು ಗೊಣಗುತ್ತಿದ್ದ. ಅತ್ತೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಾನು ಆಗ ನಾಲ್ಕನೆಯ ಇಯತ್ತೆ. ಡಬ್ಬಿಯ ಪಕ್ಕ ಕೂತು ಚೀಟಿಗಳನ್ನು ಓದಿ ಹೇಳುವುದು ನನ್ನ ಕೆಲಸ. ಆಕೆಯದೊಂದು ಕಟ್ಟುನಿಟ್ಟು ಇತ್ತು. ‘ಇಂದು’, ‘ನಾಳೆ’, ‘ಈ ವಾರ’ ಎಂದಿರುವ ಚೀಟಿ ಎಷ್ಟೇ ಚೆಂದವಿದ್ದರೂ ಒಲೆಗೆ ಹಾಕಬೇಕು. “ನಮ್ಮ ಪೇಪರ್ ಹಳೇವು ಶಾರಿ. ಅದರಾಗಿನ ನಾಳೆ ಎಂದೋ ಆಗಿಹೋಗಿರತೈತಿ” ಎನ್ನುತ್ತಿದ್ದಳು. ರದ್ದಿ ಓದಿ ಬದುಕುವವರಿಗೆ ಮಾತ್ರ ಹೊಳೆಯುವ ಎಚ್ಚರ ಅದು.

ಕಾರಹುಣ್ಣಿಮೆ ಹತ್ತಿರ ಬಂದಿತ್ತು. ಓಣಿಯಲ್ಲಿ ಎತ್ತಿದ್ದವರು ಕೊಂಬು ಹೆರೆದು ಬಣ್ಣ ತರಿಸಿಟ್ಟಿದ್ದರು. ತೆಲಿಗಿಯಲ್ಲಿ ಅಮ್ಮನ ತಂಗಿಯ ಮಗುವಿಗೆ ತೊಟ್ಟಿಲು ಹಾಕುವ ಕಾರ್ಯವಿತ್ತು. ಅಮ್ಮನ ಜೊತೆ ಗೌರತ್ತೆಯೂ ಹೊರಟಳು. ಹೋಗುವ ದಿನ ಗೋಡೆ ಒರೆಸಿ, ಖಾಲಿ ಬಿಟ್ಟು ಹೋದಳು. ಸಂಜೆಗೆ ಗಿರಾಕಿಗಳು, “ಇವತ್ತಿಂದು ಏನೂ ಇಲ್ಲೇನ್ರಿ ಬಸಣ್ಣ?” ಎಂದು ಒಬ್ಬರ ಹಿಂದೆ ಒಬ್ಬರು ದೊಡ್ಡಪ್ಪನನ್ನು ಕೇಳಿದರು. ದೊಡ್ಡಪ್ಪನಿಗೆ ರೇಗಿತು. “ಯಾಕ, ಆಕಿ ಒಬ್ಬಾಕಿಗೆ ಬರಿಯಾಕ ಬರತೈತೇನು?” ಎಂದವನೇ ರದ್ದಿಯ ಕಟ್ಟಿನಿಂದ ಒಂದು ಹಾಳೆ ಎಳೆದ, ಕಣ್ಣಿಗೆ ಬಿದ್ದ ಮೊದಲ ಚೌಕ ನೋಡಿದ, ಸೀಮೆಸುಣ್ಣ ಹಿಡಿದ. ‘ನಾಳೆ ಸೂರ್ಯಗ್ರಹಣ. ಮಧ್ಯಾಹ್ನ ಹಿಡಿಯುತ್ತದೆ’ ಎಂದು ಬರೆದ. ನಾನು ಅಲ್ಲೇ ಜರಡಿಯ ಹತ್ತಿರ ಇದ್ದೆ. “ದೊಡ್ಡಪ್ಪ, ನಾಳೆ ಅಂತ ಇರೋದು ಬರೀಬಾರದಂತ. ಅತ್ತಿ ಹೇಳ್ಯಾಳ” ಎಂದೆ. “ಬಾಯಿ ಮುಚ್ಚಿಕೊಂಡು ಒಳಗ ನಡಿ” ಎಂದ.

ಮರುದಿನ ನಮ್ಮ ಓಣಿ ಒಲೆ ಹಚ್ಚಲಿಲ್ಲ. ಪಂಚಾಂಗದಲ್ಲಿ ಇಲ್ಲವಲ್ಲ ಎಂದು ಅಯ್ಯನವರು ಅಂದರಂತೆ, ಗೌರಮ್ಮನ ಗೋಡೆ ಇಲ್ಲಿಯ ತನಕ ಸುಳ್ಳು ಹೇಳಿಲ್ಲ ಎಂದು ಜನ ಅವರ ಬಾಯಿ ಮುಚ್ಚಿಸಿದರಂತೆ. ಮಾಡಿಟ್ಟ ಅಡಿಗೆ ಚೆಲ್ಲಿದರು, ನೀರಿನ ಕೊಡದ ಮೇಲೆ ಗರಿಕೆ ಇಟ್ಟರು, ಮಕ್ಕಳನ್ನು ಒಳಗೆ ಕೂಡಿಹಾಕಿದರು. ನಾವು ಕೆಲವರು ತಪ್ಪಿಸಿಕೊಂಡು ಎಕ್ಸರೇ ಹಾಳೆ ಹಿಡಿದು ಸೂರ್ಯನನ್ನು ನೋಡಿದೆವು. ಸೂರ್ಯ ಹಪ್ಪಳದಂತೆ ಗುಂಡಗೆ, ಎಲ್ಲೂ ಮುರಿಯದೆ, ಹೊತ್ತು ಇಳಿಯುವ ತನಕ ಹಾಗೇ ಇದ್ದ. ಜನ ಈಗ ಹಿಡಿಯುತ್ತದೆ, ಇನ್ನೊಂದು ಗಳಿಗೆಗೆ ಹಿಡಿಯುತ್ತದೆ ಎಂದು ಕಾದರು. ಕೊನೆಗೆ ಪಕ್ಕದ ದರ್ಜಿಯವರ ಮನೆಯಿಂದ ಕೂಗು ಎದ್ದಿತು. ತುಂಬಿದ ಬಸುರಿ ಸೊಸೆಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿದ್ದರು. ಆ ಸೆಕೆಯಲ್ಲಿ ಬೆಳಗಿನಿಂದ ನೀರು ಕೂಡ ಇಲ್ಲದೆ ಆಕೆ ಎಚ್ಚರ ತಪ್ಪಿ ಬಿದ್ದಿದ್ದಳು. ಗಾಡಿ ಮಾಡಿ ಆಸ್ಪತ್ರೆಗೆ ಒಯ್ದರು. ಪುಣ್ಯಕ್ಕೆ ತಾಯಿ ಮಗು ಉಳಿದರು.

ಓಣಿಗೆ ಓಣಿಯೇ ನಮ್ಮ ಕಟ್ಟೆಯ ಮುಂದೆ ನಿಂತಿತು. ಜನ ಬರುವುದು ಕಂಡ ಕೂಡಲೇ ದೊಡ್ಡಪ್ಪ ಒದ್ದೆ ಗೋಣಿ ತಂದು ಗೋಡೆ ಒರೆಸಿಬಿಟ್ಟಿದ್ದ. ದರ್ಜಿಯ ಹೆಂಡತಿ ಎದೆ ಬಡಿದುಕೊಂಡು ಕೇಳಿದಳು, “ಯಾರು ಬರದವರು? ನಮ್ಮ ಸೊಸಿಗೆ ಏನಾರ ಆಗಿದ್ರ ಯಾರು ಹೊಣಿ?” ದೊಡ್ಡಪ್ಪ ಮಂಡಕ್ಕಿಯ ಚೀಲ ಕಟ್ಟುತ್ತ, ತಲೆ ಎತ್ತದೆ ಹೇಳಿದ: “ಗ್ವಾಡಿ ಯಾರದು? ಗೌರಿದು. ತೆಲಿಗಿಗೆ ಹೋಗೋ ಮುಂದ ಬರದಿಟ್ಟು ಹೋಗ್ಯಾಳ. ನಾವೇನು ಮಾಡೂನ್ರಿ?” ಹಿಂದಿನ ಸಂಜೆ ಖಾಲಿ ಗೋಡೆ ಕಂಡ ಗಿರಾಕಿಗಳೂ ಆ ಗುಂಪಿನಲ್ಲಿದ್ದರು, ಒಬ್ಬರೂ ಆ ಮಾತು ಎತ್ತಲಿಲ್ಲ. ಅದೇ ಹೊತ್ತಿಗೆ ತೆಲಿಗಿಯ ಬಸ್ಸಿನಿಂದ ಇಳಿದ ಅಮ್ಮ, ಅತ್ತೆ ಚೀಲ ಹಿಡಿದುಕೊಂಡು ಓಣಿಯ ತಿರುವಿನಲ್ಲಿ ಬಂದರು. ಅತ್ತೆಯ ತಲೆಯಲ್ಲಿ ತೊಟ್ಟಿಲ ಮನೆಯವರು ಕೊಟ್ಟಿದ್ದ ಹೂವಿರಲಿಲ್ಲ, ಅದನ್ನು ಆಕೆ ನನಗೆಂದು ಎಲೆಯಲ್ಲಿ ಕಟ್ಟಿ ತಂದಿದ್ದಳು. ನಡೆದದ್ದನ್ನು ಕೇಳಿ ಆಕೆ ಮೊದಲು ದರ್ಜಿಯ ಸೊಸೆ ಹೇಗಿದ್ದಾಳೆಂದು ವಿಚಾರಿಸಿದಳು. ಆಮೇಲೆ ಹೇಳಿದಳು, “ಸೂರ್ಯಗ್ರಹಣ ಆಗೂದು ಅಮಾಸಿಗೆ. ನಾಡಿದ್ದು ಹುಣ್ಣಿಮಿ ಐತಿ. ಚಂದಪ್ಪ ಸೂರ್ಯಾಗ ಅಡ್ಡ ಬರಬೇಕಂದ್ರ ಆ ಕಡಿ ಇರಬೇಕಲ್ರಿ, ಈ ಕಡಿ ಅದಾನ. ಇದನ್ನ ನಾ ಹೆಂಗ ಬರೀಲಿ?”

ಎಂಥ ಸಾಕ್ಷಿ ಅದು. ಆಕಾಶವೇ ಸಾಕ್ಷಿ. ಸಂಜೆಯ ಬಾನಿನಲ್ಲಿ ಹೆಚ್ಚೂಕಡಿಮೆ ಪೂರ್ತಿ ತುಂಬಿದ ಚಂದ್ರ ಅಲ್ಲೇ ಮೂಡಣದಲ್ಲಿ ಕೂತಿದ್ದ. ಯಾರೂ ತಲೆ ಎತ್ತಿ ನೋಡಲಿಲ್ಲ. ನಾನು ಜನರ ಕಾಲುಗಳ ನಡುವೆ ನುಗ್ಗಿ, “ದೊಡ್ಡಪ್ಪ ಬರದಾನ, ನಾ ನೋಡೀನಿ” ಎಂದು ಕೂಗಿದೆ. ಆತನ ಅಂಗೈ ನನ್ನ ಕೆನ್ನೆಗೆ ಬಿತ್ತು. ಬಾಣಲೆಯ ಮುಂದೆ ಕಾದು ಕಾದು ಕಲ್ಲಾದ ಅಂಗೈ. ಎರಡನೆಯದಕ್ಕೆ ಎತ್ತಿದ ಕೈಯನ್ನು ಗೌರತ್ತೆ ಹಿಡಿದುಕೊಂಡಳು. ಅಣ್ಣನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. “ಹುಡುಗಿನ ಹೊಡೀಬ್ಯಾಡ. ನಾನ ಬರದೀನಿ ಅನ್ಕೋರಿ, ಸಾಕಲ್ಲ” ಎಂದಳು. ಅಷ್ಟು ಸಾಕಾಯಿತು. ನನ್ನ ಅಪ್ಪ ಅಲ್ಲೇ ಇದ್ದ, ಜರಡಿ ನೋಡುತ್ತ ನಿಂತಿದ್ದ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಆ ಮನೆಯಲ್ಲಿ ಎಲ್ಲರಿಗೂ ಬಾಯಿ ಇತ್ತು.

ಕಾರಹುಣ್ಣಿಮೆ ಮುಗಿದ ಮೇಲೆ ದೊಡ್ಡಪ್ಪ ಗೋಡೆಗೆ ಸುಣ್ಣ ಹೊಡೆಸಿದ. ತಿಂಗಳೊಪ್ಪತ್ತು ಬಿಟ್ಟು, “ಮಂದಿಗೆ ಮಾರಿ ತೋರಸದಂಗ ಮಾಡಿದಿ. ಗಂಡನ ಮನಿ ಐತಲ್ಲ, ಅಲ್ಲಿ ಇರು” ಎಂದು ಅತ್ತೆಯನ್ನು ಹಲವಾಗಲಿನ ಬಸ್ಸು ಹತ್ತಿಸಿದ. ಗಂಡನೇ ಇಲ್ಲದ ಗಂಡನ ಮನೆ. ಅಲ್ಲಿ ಮೈದುನರ ಮನೆಯಲ್ಲಿ ಕಸ ಮುಸುರೆ ಮಾಡಿಕೊಂಡು ಉಳಿದಳು. ಅಮ್ಮ ಒಮ್ಮೆ ನನ್ನನ್ನು ಕರೆದುಕೊಂಡು ಹೋಗಿದ್ದಳು. ಅತ್ತೆ ನನ್ನನ್ನು ಹೊಳೆಯ ದಂಡೆಗೆ ಕರೆದೊಯ್ದಳು. “ಇವತ್ತಿನ ಸಂಗತಿ ಏನತ್ತಿ?” ಎಂದು ಕೇಳಿದೆ, ಹಳೆಯ ಸಲಿಗೆಯಲ್ಲಿ. ಆಕೆ ನೀರನ್ನು ನೋಡುತ್ತ, “ಇಲ್ಲಿ ಪೇಪರ್ ಬರಂಗಿಲ್ಲವ್ವ” ಎಂದಳು. ನಾನು ಕಾಲೇಜಿನಲ್ಲಿದ್ದಾಗ ತೀರಿಕೊಂಡಳು. ಮಣ್ಣಿಗೆ ಬಂದ ದೊಡ್ಡಪ್ಪ ಎರಡು ಸಲ ಬಸ್ಸಿನ ಹೊತ್ತು ವಿಚಾರಿಸಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಅವತ್ತೇ ಗಟ್ಟಿ ಮಾಡಿಕೊಂಡೆ, ಈತನ ಬಾಯಿಂದಲೇ, ನಾಲ್ಕು ಜನರ ಮುಂದೆ, ಅದು ಗೌರಿ ಬರೆದದ್ದಲ್ಲ ಎಂದು ಹೇಳಿಸದೆ ಬಿಡಬಾರದು. ಕಾಗೆ ತನಗೆ ಕೇಡು ಮಾಡಿದವರ ಮುಖವನ್ನು ವರ್ಷಗಟ್ಟಲೆ ನೆನಪಿಡುತ್ತದಂತೆ. ಎಷ್ಟೋ ಕಾಲದ ಮೇಲೆ ಎಲ್ಲೋ ಓದಿದೆ. ಈ ಸಂಗತಿ ಅತ್ತೆಯ ಡಬ್ಬಿಗೆ ಬಂದಿರಲಿಲ್ಲ. ಬಂದಿದ್ದರೂ ಆಕೆ ಅದನ್ನು ಬರೀ ಕಾಗೆಯ ಬುದ್ಧಿ ಎಂದು ಬೆರಗುಪಡುತ್ತಿದ್ದಳು, ನನ್ನಂತೆ ಉಪಯೋಗಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಭಟ್ಟಿ ಹೋಯಿತು, ಮನೆ ಹೋಯಿತು. ಯಂತ್ರದ ಮಂಡಕ್ಕಿ ಬಂದ ಮೇಲೆ ಜಾಗ ಮಾರಿದರು. ಈಗ ಅಲ್ಲಿ ಮೊಬೈಲು ಅಂಗಡಿಗಳ ಸಾಲು. ಅಜ್ಜಿ, ಅಪ್ಪ, ಅಮ್ಮ, ದೊಡ್ಡಮ್ಮ ಒಬ್ಬೊಬ್ಬರಾಗಿ ಹೋದರು. ನಿಮ್ಮ ಮನೆಯೂ ಹೀಗೇ ಕರಗಿರುತ್ತದೆ, ಹೇಗೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಉಳಿದದ್ದು ಒಂದು ವಾಟ್ಸಾಪ್ ಗುಂಪು, ‘ಭಟ್ಟಿಯವರ ಬಳಗ’ ಎಂದು. ಅದರಲ್ಲಿ ಪ್ರತಿದಿನ ಬೆಳಿಗ್ಗೆ ಸೂರ್ಯ ಹುಟ್ಟುವುದಕ್ಕೆ ಮುಂಚೆ ದೊಡ್ಡಪ್ಪ ಹುಟ್ಟುತ್ತಾನೆ. ಗುಲಾಬಿ ಹೂವಿನ ಚಿತ್ರದ ಕೆಳಗೆ ‘ಇಂದಿನ ಸಂಗತಿ’! ನೀವು ನಂಬಬೇಕು, ಅದೇ ಹೆಸರು. ಚೀನಾದ ಗೋಡೆ ಚಂದ್ರನಿಂದ ಕಾಣುತ್ತದೆ. ನವಿಲು ಗಂಡಿನ ಕಣ್ಣೀರು ಕುಡಿದು ಮೊಟ್ಟೆ ಇಡುತ್ತದೆ. ಮನುಷ್ಯ ಮೆದುಳಿನ ಹತ್ತರಲ್ಲೊಂದು ಭಾಗ ಮಾತ್ರ ಬಳಸುತ್ತಾನೆ. ಯಾರೋ ಕಳಿಸಿದ್ದನ್ನು ಹಾಗೇ ದೂಡುವುದು. ಸೊಸೆಯಂದಿರು, ಮೊಮ್ಮಕ್ಕಳು ಕೈ ಮುಗಿದ ಚಿತ್ರ ಹಾಕಿ, ‘ಎಷ್ಟು ತಿಳ್ಕೊಂಡಿದ್ದೀರಿ ಮಾವ’ ಎನ್ನುವುದು. ಮೊದಲ ದಿನ ಅದನ್ನು ಅಂಗಡಿಯ ಕುರ್ಚಿಯಲ್ಲಿ ಕೂತು ಮೂರು ಸಲ ಓದಿದೆ.

ಅಂದಿನಿಂದ ಒಂದನ್ನೂ ಬಿಟ್ಟಿಲ್ಲ. ಆತ ಸಂಗತಿ ಹಾಕುವುದು, ನಾನು ಹಲ್ಲುಜ್ಜುವ ಮೊದಲೇ ತಪ್ಪೆಂದು ತೋರಿಸುವುದು. ‘ಚಂದ್ರನಿಂದ ಚೀನಾದ ಗೋಡೆ ಕಾಣುವುದಿಲ್ಲ ದೊಡ್ಡಪ್ಪ.’ ‘ನವಿಲು ಉಳಿದ ಹಕ್ಕಿಗಳ ಹಾಗೇ ಕೂಡುತ್ತದೆ ದೊಡ್ಡಪ್ಪ, ನೀವು ಹೊಲದಲ್ಲಿ ನೋಡಿಲ್ಲವೆ?’ ‘ಮೆದುಳು ಪೂರ್ತಿ ಕೆಲಸ ಮಾಡುತ್ತದೆ, ಎಲ್ಲರದ್ದೂ ಅಂತ ಹೇಳಲಾರೆ.’ ಆತನ ಮಗ ಫೋನ್ ಮಾಡಿ, “ಅಕ್ಕಾ, ವಯಸ್ಸಾದೋರು, ಬಿಡಬಾರದೇನು? ಅವರಿಗೆ ಅದೊಂದು ಖುಷಿ ಐತಿ” ಎಂದ. ಖುಷಿ ಇದ್ದದ್ದಕ್ಕೇ ಬಿಡಲಿಲ್ಲ. ಈ ವರ್ಷ ಕಾರಹುಣ್ಣಿಮೆಗೆ ಎರಡು ದಿನ ಮುಂಚೆ ನಾನೇ ಒಂದು ಸಂಗತಿ ಹಾಕಿದೆ. ‘ಸೂರ್ಯಗ್ರಹಣ ಅಮಾವಾಸ್ಯೆಗೆ ಮಾತ್ರ ಆಗುತ್ತದೆ, ಹುಣ್ಣಿಮೆಯ ಹತ್ತಿರ ಆಗುವುದಿಲ್ಲ. ಇದು ಗೊತ್ತಿಲ್ಲದವರು ನಮ್ಮ ಮನೆಯಲ್ಲಿ ಒಬ್ಬರೇ ಇದ್ದರು. ಭಟ್ಟಿಯ ಗೋಡೆಯ ಮೇಲೆ ಅವತ್ತು ಬರೆದದ್ದು ಯಾರು, ದೊಡ್ಡಪ್ಪ?’ ಎಲ್ಲರೂ ನೋಡಿದ ಗುರುತು ಬಿತ್ತು. ಆತನೂ ನೋಡಿದ. ಮರುದಿನ ಬೆಳಿಗ್ಗೆ ಗುಲಾಬಿ ಹೂವು ಬರಲಿಲ್ಲ. ಸಕ್ಕರೆ ತಿಂದಷ್ಟು ಸಂತೋಷವಾಯಿತು ನನಗೆ.

ಹುಣ್ಣಿಮೆ ಕಳೆದ ಮೇಲೆ ಒಂದು ಮಧ್ಯಾಹ್ನ ಆತ ನನ್ನ ಅಂಗಡಿಗೇ ಬಂದ. ಕೊಟ್ಟೂರಿನಿಂದ ಬಸ್ಸು ಹಿಡಿದು ಒಬ್ಬನೇ ಬಂದಿದ್ದ. ಹೊಡೆದ ಕೈ ಈಗ ಕೋಲು ಊರಿಕೊಂಡಿತ್ತು. ಅದನ್ನು ನೋಡಿ ಕನಿಕರ ಬರಬೇಕಿತ್ತು, ಬರಲಿಲ್ಲ. ಸ್ಟೂಲು ಕೊಟ್ಟೆ. ಆತ ಕೂತು, ಉಸಿರು ತಿರುಗಿಸಿಕೊಂಡು ಹೇಳಿದ, “ನಾನ ಬರದಿದ್ದು. ನಿನಗ ಗೊತ್ತೈತಿ, ನನಗ ಗೊತ್ತೈತಿ. ಇನ್ನ ಸಾಕು ಬಿಡು ಶಾರಿ.”

“ಯಾಕ ಬರದ್ರಿ?”

“ಎಲ್ಲಾರೂ ಆಕಿ ಹೆಸರು ಹೇಳತಿದ್ರು. ಒಂದು ದಿನ ನನ್ನ ಹೆಸರು ಹೇಳ್ಲಿ ಅಂತ.”

“ಬರದಿದ್ದು ಇರ್ಲಿ. ಹಲವಾಗಲಿಗೆ ಯಾಕ ಅಟ್ಟಿದ್ರಿ?”

“ದಿನಾ ಎದುರಿಗೆ ಬರತಿದ್ಲು” ಎಂದ. “ಏನೂ ಅಂತಿದ್ದಿಲ್ಲ. ಮುಂಜಾನಿ ಎದ್ದು ಸುಣ್ಣದ ಗ್ವಾಡಿ ನೋಡಿಕೋತ ನಿಲ್ಲತಿದ್ಲು. ನನಗ ನೋಡಾಕ ಆಗಲಿಲ್ಲ.”

ನಾನು ಕರಗಲಿಲ್ಲ. “ನನ್ನ ಮುಂದ ಹೇಳಿದ್ರ ನಡಿಯಂಗಿಲ್ರಿ. ಬಳಗದಾಗ ಹೇಳ್ರಿ” ಎಂದೆ. ಆತನಿಗೆ ಫೋನಿನಲ್ಲಿ ಬರೆಯಲು ಬರುವುದಿಲ್ಲವಂತೆ, ದೂಡುವುದಷ್ಟೇ ಬರುತ್ತದಂತೆ. ಫೋನು ನಾನೇ ಇಸಿದುಕೊಂಡು, ಮಾತು ಹಿಡಿಯುವ ಗುಂಡಿ ಒತ್ತಿ ಆತನ ಬಾಯಿಯ ಹತ್ತಿರ ಹಿಡಿದೆ. ಅವತ್ತು ಆತ ನನ್ನ ಕೆನ್ನೆಯ ಹತ್ತಿರ ಕೈ ತಂದಷ್ಟೇ ಹತ್ತಿರ. ಆತ ಹೇಳಿದ: “ಎಲ್ಲಾರೂ ಕೇಳ್ರಿ. ಭಟ್ಟಿ ಗ್ವಾಡಿ ಮ್ಯಾಲೆ ಗ್ರಹಣ ಅಂತ ಬರದಿದ್ದು ನಾನು. ಗೌರಿ ಬರದಿದ್ದಲ್ಲ. ಸುಳ್ಳು ಹೇಳಿ ಆಕಿನ್ನ ಮನಿ ಬಿಡಿಸಿದೆ.” ಬೆರಳು ತೆಗೆದೆ. ಹೋಯಿತು. ಇಷ್ಟು ವರ್ಷ ಕಾದದ್ದು ಅಷ್ಟೇ ಹೊತ್ತಿನಲ್ಲಿ ಮುಗಿಯಿತು.

ಇಬ್ಬರೂ ಫೋನು ನೋಡುತ್ತ ಕೂತೆವು. ಸಣ್ಣ ಸೊಸೆ ಕೈ ಮುಗಿದ ಚಿತ್ರ ಹಾಕಿದಳು, ಮಾವ ಮಾತಾಡಿದ್ದನ್ನು ಕೇಳದೆಯೇ ಹಾಕಿರಬೇಕು. ಯಾರೋ ಹೆಬ್ಬೆರಳು ಎತ್ತಿದರು. ಇನ್ಯಾರೋ ಮಗುವಿನ ಹುಟ್ಟುಹಬ್ಬದ ಫೋಟೋ ಹಾಕಿದರು, ಅದರ ಕೆಳಗೆ ಸಾಲಾಗಿ ಶುಭಾಶಯ. ಕೊನೆಗೆ ದಾವಣಗೆರೆಯಲ್ಲಿ ಓದುವ ಮೊಮ್ಮಗ ಒಂದು ಸಾಲು ಕೇಳಿದ: ‘ಗೌರಿ ಅಂದ್ರೆ ಯಾರು ಅಜ್ಜ?’

ಆತ ಅದನ್ನು ಓದಿದ, ಫೋನನ್ನು ನನ್ನ ಕಡೆ ತಿರುಗಿಸಿದ. ನಾನೂ ಓದಿದೆ. ಯಾರ ಹೆಸರು ತೊಳೆಯಲೆಂದು ನಾನು ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆನೋ, ಆ ಹೆಸರು ಆ ಬಳಗದಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಉತ್ತರ ಬರೆಯಲು ಬೆರಳಿಟ್ಟೆ. ನಮ್ಮ ಅತ್ತೆ ಎಂದು ಬರೆದೆ, ಅಳಿಸಿದೆ. ಆಕೆಯ ಫೋಟೋ ಕೂಡ ಒಂದಿಲ್ಲ. ನಾನು ಆಕೆಯನ್ನು ಕಂಡದ್ದು ಹುಡುಗಿಯಾಗಿದ್ದಾಗ, ಅದರಲ್ಲೂ ಬಹಳಷ್ಟು ಆ ಒಂದು ಸಂಜೆಯೇ ತುಂಬಿಕೊಂಡಿದೆ. ಆಕೆಯ ದನಿ ಹೇಗಿತ್ತೆಂದು ನೆನೆಸಿಕೊಳ್ಳಲು ಹೋದೆ, “ಹುಡುಗಿನ ಹೊಡೀಬ್ಯಾಡ” ಎಂಬುದರ ಆಚೆ ಏನೂ ಕೇಳಿಸಲಿಲ್ಲ. ಗೌರತ್ತೆ ಚಿಕ್ಕವಳಿದ್ದಾಗ ಹೇಗಿದ್ದಳು, ಯಾವುದಕ್ಕೆ ನಗುತ್ತಿದ್ದಳು, ಓದು ಎಲ್ಲಿ ಕಲಿತಳು, ಇದನ್ನೆಲ್ಲ ಬಲ್ಲವರು ಭೂಮಿಯ ಮೇಲೆ ಇನ್ನೊಬ್ಬನೇ ಉಳಿದಿದ್ದ. ಅವನು ನನ್ನ ಸ್ಟೂಲಿನ ಮೇಲೆ ಕೋಲು ಹಿಡಿದು ಕೂತಿದ್ದ.

ಆತ ಏಳಲು ಹೊರಟ. “ಬಸ್ಸು ಐತಿ” ಎಂದ.

“ಇನ್ನೊಂದು ಬಸ್ಸು ಐತಿ, ಕುಂದರ್ರಿ” ಎಂದೆ. ನಾನು ಆತನನ್ನು ಕ್ಷಮಿಸಿರಲಿಲ್ಲ, ಈಗಲೂ ಕ್ಷಮಿಸಿಲ್ಲ. ಆದರೂ ಕುರ್ಚಿಯನ್ನು ಆತನ ಹತ್ತಿರಕ್ಕೆ ಎಳೆದುಕೊಂಡು ಕೂತೆ. “ಅತ್ತಿ ಸಣ್ಣಾಕಿ ಇದ್ದಾಗಿಂದು ಹೇಳ್ರಿ. ಏನೂ ಬಿಡದಂಗ ಹೇಳ್ರಿ” ಎಂದೆ.